ಅರಿವಿ ಯಾರು ಒಗದ್ರು?

ಸಿನಿಮಾದಲ್ಲಿ ಮರೆವಿನ ಕಾಯಿಲೆ ಬರಬೇಕಾದರೆ ಮೊದಲು ಡಿಗ್ರಿ ಬೇಕು. ಬರೀ ಬಿ.ಎ. ಸಾಲದು.

‘ಮೈನೆ ಗಾಂಧಿ ಕೋ ನಹೀಂ ಮಾರಾ’ ಚಿತ್ರದ ಅನುಪಮ್ ಖೇರ್ ನಿವೃತ್ತ ಹಿಂದಿ ಪ್ರೊಫೆಸರು. ‘ಬ್ಲ್ಯಾಕ್’ನ ಅಮಿತಾಭ್ ಬಚ್ಚನ್ ಮಾಸ್ತರರು. ಮರಾಠಿಯ ‘ಅಸ್ತು’ವಿನ ಮೋಹನ್ ಅಗಾಶೆ ಸಂಸ್ಕೃತ ಪಂಡಿತರು. ಹಾಲಿವುಡ್ಡಿನ ‘ಸ್ಟಿಲ್ ಆಲಿಸ್’ನಲ್ಲಿ ಜೂಲಿಯನ್ ಮೂರ್ ಕೊಲಂಬಿಯಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ. ‘ಐರಿಸ್’ನಲ್ಲಿ ಮರೆಯುವವಳು ಹೆಸರಾಂತ ಕಾದಂಬರಿಗಾರ್ತಿ.

ಮರೆಯಲಿಕ್ಕೂ ಯೋಗ್ಯತೆ ಬೇಕಲ್ಲ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ಮರೆತರೆ ಲೋಕಕ್ಕೇನು ನಷ್ಟ?

ಲೆಕ್ಕ ಮಾತ್ರ ಉಲ್ಟಾ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನ ನೋಡಿ. 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ. ದೇಶದಲ್ಲಿ ಸುಮಾರು 88 ಲಕ್ಷ ಜನ. ಗಂಡಸರಲ್ಲಿ ಶೇ 5.8, ಹೆಂಗಸರಲ್ಲಿ ಶೇ 9. ಪಟ್ಟಣದಲ್ಲಿ ಶೇ 5.3, ಹಳ್ಳಿಯಲ್ಲಿ ಶೇ 8.4. ಸಾಲೆಯ ಮುಖ ಕಾಣದವರಲ್ಲಿ ಇನ್ನೂ ಹೆಚ್ಚು.

ಅಂದರೆ ಈ ಕಾಯಿಲೆಯ ಮುಖ ಬಚ್ಚನ್ನರದಲ್ಲ. ರಬಕವಿ-ಬನಹಟ್ಟಿಯ ಯಾವುದೋ ಓಣಿಯ ಮುದುಕಿಯದು. ಜೀವಮಾನವಿಡೀ ಕಂಡಿಕಿ ಸುತ್ತಿದವಳು. ಗಂಡನ ಕೈಮಗ್ಗ ಹೋಗಿ ಮಗನ ಪಾವರ್‌ಲೂಮ್ ಬಂತು. ಈಗ ಸೊಸೆಯ ಹೆಸರು ನೆನಪಿಲ್ಲ. ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಲೇ ಇರುತ್ತವೆ.

ಇವಳ ಮೇಲೆ ಸಿನಿಮಾ ಮಾಡಲು ಯಾರೂ ಬಂದಿಲ್ಲ. ಇವಳು ಮರೆತದ್ದರಲ್ಲಿ ಒಂದೂ ಶ್ಲೋಕವಿಲ್ಲ, ಒಂದೂ ಕವಿತೆಯಿಲ್ಲ. ಕ್ಲೋಸಪ್ ಇಟ್ಟು ಏನು ತೋರಿಸುವುದು?

ನಮ್ಮ ಕನ್ನಡದ್ದಕ್ಕೆ ಬರೋಣ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರ ಜೂನ್. ಹೇಮಂತ್ ರಾವ್ ನಿರ್ದೇಶನ. ಅನಂತನಾಗ್ ಅಭಿನಯದ ಬಗ್ಗೆ ತಕರಾರಿಲ್ಲ. ಇರುವವರು ಮತ್ತೊಮ್ಮೆ ನೋಡಿಕೊಂಡು ಬರಲಿ. ತಕರಾರು ಕಥೆಯ ಹಂಚಿಕೆಯ ಬಗ್ಗೆ.

ವೆಂಕೋಬರಾಯರು ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಅಲ್ಲಿ ಸಹನೆಯೇ ಮೂರ್ತಿವೆತ್ತ ಡಾಕ್ಟರು. ಹೆಸರೂ ಸಹನಾ. ಮಗ ಮುಂಬೈಯಿಂದ ಬರುತ್ತಾನೆ, ಅಪ್ಪನನ್ನು ಹೊರಗೆ ಕರೆದೊಯ್ಯುತ್ತಾನೆ, ಗಮನ ಎಲ್ಲೋ ಇಡುತ್ತಾನೆ. ಅಪ್ಪ ಕಾಣೆ. ಮುಂದೆ ಹಂತಕ, ಹೆಣ, ವ್ಯಾನು. ಮಗ ಹುಡುಕುತ್ತಾನೆ. ಹುಡುಕುತ್ತಾ ಹುಡುಕುತ್ತಾ ಒಳ್ಳೆಯವನಾಗುತ್ತಾನೆ. ಡಾಕ್ಟರ ಮನಸ್ಸೂ ಸಿಗುತ್ತದೆ.

ಅಪ್ಪನ ಮಿದುಳು ಸವೆಯುವುದೇ ಮಗನಿಗೆ ಬುದ್ಧಿ ಬರಲಿಕ್ಕೆ. ಎಂಥ ಉಳಿತಾಯ ನೋಡಿ. 2018ರಲ್ಲಿ ತಮಿಳಿಗೆ ಹೋಯಿತು. ಅಲ್ಲಿ ಪ್ರಕಾಶ್ ರಾಜ್ ಮರೆತರು. ತಿದ್ದಿಕೊಂಡವನು ಅಲ್ಲೂ ಮಗನೇ.

ಟಿವಿಯಲ್ಲಿ ‘ಗೋಧಿ ಬಣ್ಣ’ ಬಂದಾಗ ನಮ್ಮ ಓಣಿಯೆಲ್ಲ ಕೂತು ಅತ್ತಿತು. ಅಳದೆ ನೋಡಿದವಳು ಒಬ್ಬಳೇ. ವರ್ಷಗಟ್ಟಲೆಯಿಂದ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಸೊಸೆ. ಸಿನಿಮಾ ಹೆಂಗಿತ್ತವಾ ಎಂದರೆ ಅವಳ ವಿಮರ್ಶೆ ಇಷ್ಟೇ: “ಭಾಳ ಚೊಲೊ ಐತ್ರಿ ಕಾಕಾ. ಆದ್ರ ಅವರು ಅಷ್ಟೊತ್ತು ಹೊರಗಿದ್ರಲ್ಲ, ಅರಿವಿ ಯಾರು ಒಗದ್ರು?”

ಯಾವ ಪತ್ರಿಕೆಯ ಸಿನಿಮಾ ಪುರವಣಿಯೂ ಈ ಪ್ರಶ್ನೆ ಕೇಳಲಿಲ್ಲ. ಸ್ಟಾರ್ ಕೊಟ್ಟು ಸುಮ್ಮನಾದವು.

ಸಿನಿಮಾದ ಅಲ್ಝೈಮರ್‌ಗೆ ಮೂತ್ರವಿಲ್ಲ. ಅದು ಬಲು ಶುಚಿಯಾದ ಕಾಯಿಲೆ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಬಿಳಿ ಕೂದಲು, ಕಿಟಕಿಯ ಪಕ್ಕ ಕುರ್ಚಿ. ನಟ ಕಿಟಕಿಯಾಚೆ ನೋಡಿದರೆ ಸಾಕು, ಪಿಟೀಲು ಶುರು. ನಮ್ಮ ಮನೆಗಳಲ್ಲಿ ಅದೇ ಹೊತ್ತಿಗೆ ಬೇರೆ ಶುರುವಾಗುತ್ತದೆ. ಸಂಜೆ ಇಳಿಯುತ್ತಿದ್ದಂತೆ ಚಡಪಡಿಕೆ. ಗಂಟು ಕಟ್ಟುವುದು. ಬಾಗಿಲು ಜಗ್ಗುವುದು. “ಮನಿಗೆ ಹೋಗೂಣು ನಡಿ.” ಕೂತದ್ದು ಮನೆಯಲ್ಲೇ. ಅದನ್ನು ಹೇಳಿದರೆ ಬೈಗುಳ. ಹೇಳದಿದ್ದರೆ ಬಾಗಿಲು.

ಕಾಣೆಯಾಗುವುದೂ ಅಷ್ಟೇ. ಬೆಂಗಳೂರಿನಲ್ಲಿ ತಪ್ಪಿಸಿಕೊಂಡರೆ ಕಥೆ ಸಿಗುತ್ತದೆ. ಮುಧೋಳದ ಕಡೆ ತಪ್ಪಿಸಿಕೊಂಡರೆ ಕಬ್ಬು ಸಿಗುತ್ತದೆ. ದೀಪಾವಳಿಯ ಮುಂದೆ ಆಳೆತ್ತರ ಮೀರಿ ನಿಂತಿರುತ್ತದೆ. ಒಳಹೊಕ್ಕ ಮುದುಕ ದಾರಿಗೆ ಕಾಣುವುದಿಲ್ಲ, ಮುದುಕನಿಗೆ ದಾರಿ ಕಾಣುವುದಿಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ಘಟಪ್ರಭಾ. ನಡುವೆ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರು.

ಬೀಳಗಿಯ ಕಡೆಯದು ಇನ್ನೂ ಸೊಗಸು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಅಲ್ಲಿನ ಅಜ್ಜನೂ ಸಂಜೆಯಾದರೆ ಮನೆಗೆ ಹೊರಡುತ್ತಾನೆ. ಎದುರಿನ ಆರ್‌ಸಿಸಿ ಮನೆ ಅವನದಲ್ಲವಂತೆ. ಅವನ ಮನೆಗೆ ಮಣ್ಣಿನ ಮಾಳಿಗೆ, ಮುಂದೆ ಬೇವಿನ ಗಿಡ, ಪಕ್ಕದಲ್ಲಿ ಹಣಮಪ್ಪನ ಗುಡಿ. ಅಲ್ಲಿಗೇ ಹೊರಡುತ್ತಾನೆ. ಅದು ನೀರೊಳಗಿದೆ.

ಸರಕಾರ ಪರಿಹಾರದ ಚೆಕ್ ಬರೆದು ಆ ಊರನ್ನು ಮರೆತಿತು. ಎಂಜಿನಿಯರು ಮರೆತರು, ಶಾಸಕರು ಮರೆತರು, ಮಕ್ಕಳೂ ಮರೆತರು. ಸೊಸೆಯ ಹೆಸರು, ಹೆಂಡತಿಯ ಸಾವು, ಮುಂಜಾನೆಯ ಊಟ ಎಲ್ಲ ಮರೆತ ಅಜ್ಜ ಅದೊಂದನ್ನು ಮಾತ್ರ ಹಿಡಿದು ಕೂತಿದ್ದಾನೆ. ಇವರಲ್ಲಿ ಯಾರಿಗೆ ಕಾಯಿಲೆ ಎಂದು ಯಾವ ಡಾಕ್ಟರೂ ಇನ್ನೂ ಪರೀಕ್ಷೆ ಮಾಡಿಲ್ಲ.

ಇಂಥ ಚಿತ್ರಗಳಲ್ಲಿ ಕನ್ನಡ ಮಾತಾಡುವ ಬಡವಿಯೊಬ್ಬಳು ನಿಜಕ್ಕೂ ಬಂದಿದ್ದಾಳೆ. ಕನ್ನಡ ಸಿನಿಮಾದಲ್ಲಲ್ಲ. ಮರಾಠಿಯ ‘ಅಸ್ತು’ವಿನಲ್ಲಿ.

ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕ್ಥನ್‌ಕರ್ ಮಾಡಿದ ಚಿತ್ರ ಅದು. ಮಗಳು ಸ್ವಲ್ಪ ಹೊತ್ತು ಅಪ್ಪನನ್ನು ಕಾರಿನಲ್ಲಿ ಬಿಡುತ್ತಾಳೆ. ಪಂಡಿತ ಚಕ್ರಪಾಣಿ ಶಾಸ್ತ್ರಿಗಳು ಬೀದಿಯಲ್ಲಿ ಹೋಗುವ ಆನೆಯ ಹಿಂದೆ ನಡೆದುಬಿಡುತ್ತಾರೆ. ಮಾವುತನ ಹೆಂಡತಿ ಚನ್ನಮ್ಮ, ಕನ್ನಡದವಳು, ಅವರನ್ನು ಮಗುವಿನಂತೆ ನೋಡಿಕೊಳ್ಳುತ್ತಾಳೆ. ಆ ಪಾತ್ರಕ್ಕೆ ಅಮೃತಾ ಸುಭಾಷ್‌ಗೆ 2013ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಅಗಾಶೆಯವರು ನಿಜಜೀವನದಲ್ಲಿ ಮನೋವೈದ್ಯರು. ಮುಖದಲ್ಲಿ ಏನು ಇರಬಾರದೆಂದು ಅವರಿಗೆ ಗೊತ್ತಿತ್ತು. ಎಲ್ಲ ಸೇರಿ ಒಳ್ಳೆಯ ಚಿತ್ರವಾಯಿತು. ಒಳ್ಳೆಯದಾದ್ದರಿಂದ ಥೇಟರು ಕಾಣಲು 2016ರವರೆಗೆ ಕಾಯಬೇಕಾಯಿತು. ಆನೆಯಿದ್ದರೂ ವಿತರಕರು ಹತ್ತಿರ ಬರಲಿಲ್ಲ.

ಅದರಲ್ಲೂ ನನಗೊಂದು ಮುಳ್ಳು ಉಳಿದಿದೆ. ಚನ್ನಮ್ಮನನ್ನು ನೋಡಿ ಪ್ರೇಕ್ಷಕ ಕರಗುತ್ತಾನೆ. ಆಹಾ, ಓದಿದ ಮಗಳಿಗಿಂತ ಬಡವಿಯ ಎದೆ ದೊಡ್ಡದು ಎಂದು ಹೊರಬರುತ್ತಾನೆ. ಸ್ವಾಮಿ, ಚನ್ನಮ್ಮ ನೋಡಿಕೊಂಡದ್ದು ಒಂದು ದಿನ. ಮಗಳು ವರ್ಷಗಟ್ಟಲೆ. ಒಂದು ದಿನದ ತಾಯ್ತನ ಯಾರಿಗೂ ಕೈಗೂಡುತ್ತದೆ. ಚಿತ್ರ ಮಾಡಿದವರಿಗೆ ಇದು ಗೊತ್ತಿತ್ತು, ಮಗಳಿಗೂ ಸಿಟ್ಟಿನ ಹಕ್ಕು ಕೊಟ್ಟರು. ಪ್ರೇಕ್ಷಕನಿಗೆ ಮಾತ್ರ ಬೈಯಲು ಒಬ್ಬ ಹೆಂಗಸು ಬೇಕಿತ್ತು. ಸಿಕ್ಕಳು.

ಹೆಂಗಸು ನೋಡಿಕೊಂಡರೆ ಅದು ಕರ್ತವ್ಯ. ಗಂಡಸು ನೋಡಿಕೊಂಡರೆ ಅದು ಸಿನಿಮಾ. ‘ಐರಿಸ್’ನಲ್ಲಿ ಹೆಂಡತಿಯನ್ನು ನೋಡಿಕೊಳ್ಳುವ ಗಂಡನಾದ ಜಿಮ್ ಬ್ರಾಡ್‌ಬೆಂಟ್‌ಗೆ ಆಸ್ಕರ್ ಬಂತು. ‘ಯು ಮಿ ಔರ್ ಹಮ್’ನಲ್ಲಿ (2008) ಅಜಯ್ ದೇವಗನ್ ಹೆಂಡತಿಯ ಮರೆವನ್ನು ಹಡಗಿನ ವಿಹಾರದ ಮೇಲೆ ನೆನೆದು ಚಪ್ಪಾಳೆ ಗಿಟ್ಟಿಸಿದ. ಜಮಖಂಡಿಯಲ್ಲಿ ಗಂಡನಿಗೆ ತುತ್ತು ಮಾಡಿ ಉಣಿಸುವ ಹೆಂಡತಿಯರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಬರುವ ಪ್ರಶಸ್ತಿ ಬೆನ್ನುನೋವು.

ಈಗ 2025ಕ್ಕೆ ಬನ್ನಿ. ‘ಸೈಯಾರಾ’. ಇಲ್ಲಿ ಮರೆಯುವವಳು ಹರೆಯದ ಹುಡುಗಿ. ಅಲ್ಝೈಮರ್ ಆ ವಯಸ್ಸಿಗೆ ಬರುವುದು ಅಪರೂಪದಲ್ಲಿ ಅಪರೂಪ. ಆದರೆ ಮುದುಕಿಗೆ ಬಂದರೆ ಯಾರು ಟಿಕೆಟ್ ತಗೊಳ್ಳುತ್ತಾರೆ? ಹುಡುಗ ಹಾಡುತ್ತಾನೆ. ಹುಡುಗಿಗೆ ಹುಡುಗ ನೆನಪಾಗುತ್ತಾನೆ. ಥೇಟರುಗಳಲ್ಲಿ ಹುಡುಗರು ಎದೆ ಬಡಿದುಕೊಂಡು ಅತ್ತ ವಿಡಿಯೊಗಳು ಊರೂರು ತಿರುಗಿದವು.

‘ಬ್ಲ್ಯಾಕ್’ ಇದನ್ನೇ ಇಪ್ಪತ್ತು ವರ್ಷ ಮೊದಲೇ ಮಾಡಿತ್ತು. ಅಲ್ಲಿ ನೆನಪು ಮರಳಲು ಮಳೆನೀರು ಸಾಕಾಯಿತು. ನಿಜಕ್ಕೂ ಹಳೆಯ ಹಾಡು ಬಹುಕಾಲ ಉಳಿಯುತ್ತದೆ. ಹೆಸರು ಮರೆತವರೂ ಭಜನೆಯ ಪಲ್ಲವಿಗೆ ದನಿಗೂಡಿಸುತ್ತಾರೆ. ಹಾಡು ಮುಗಿದ ಮೇಲೆ “ನೀ ಯಾರವಾ?” ಎನ್ನುತ್ತಾರೆ. ಸಿನಿಮಾ ಪಲ್ಲವಿಗೇ ಕಟ್ ಹೇಳಿ ಮನೆಗೆ ಹೋಗುತ್ತದೆ.

ಹೋಗಲಿ, ಸಿನಿಮಾ ಎಂದು ಬಿಡಬಹುದಿತ್ತು. ಆದರೆ ಅತ್ತು ಬಂದವರು ಮನೆಗೆ ಬರುತ್ತಾರೆ. ಬಂದವರು ಸುಮ್ಮನಿರುವುದಿಲ್ಲ.

“ಅಕಿ ಲಗ್ನದ ಹಾಡು ಹಚ್ಚಿ ನೋಡ್ಯೀರೇನು?” ಇದು ಭಾವನ ಸಲಹೆ. ಪುಣೆಯಿಂದ, ಫೋನಿನಲ್ಲಿ.

“ಮಾತಾಡಿಸ್ತಿರಬೇಕವಾ. ಪ್ರೀತಿಲೆ ಮಾತಾಡಿಸಿದ್ರ ನೆನಪು ಬರ್ತೈತಿ.” ಇದು ನಾದಿನಿ. ಹಬ್ಬಕ್ಕೆ ಬಂದು, ಮಧ್ಯಾಹ್ನ ಉಂಡು, ಸಂಜೆಯ ಬಸ್ಸಿಗೆ ಹೋಗುವವಳು.

ಪ್ರೀತಿಯಿಂದ ಮಾತಾಡಿಸಿದರೆ ನೆನಪು ಬರುತ್ತದೆ. ಬಂದಿಲ್ಲ. ಅಂದರೆ ಸೊಸೆ ಪ್ರೀತಿಯಿಂದ ಮಾತಾಡಿಸಿಲ್ಲ. ತೀರ್ಪು ಸಿದ್ಧ. ಸಾಕ್ಷಿ ಮುಂಬೈಯಿಂದ, ರೀಲುಗಟ್ಟಲೆ.

ಯಾವ ಸಿನಿಮಾವೂ ತೋರಿಸಲು ಹೆದರುವ ದೃಶ್ಯ ಬೇರೆ ಇದೆ. ಮುದುಕಿ ಉಂಡು ಕೈತೊಳೆದು ಕಟ್ಟೆಗೆ ಬಂದು ಕೂರುತ್ತಾಳೆ. ಹಾದುಹೋಗುವವರನ್ನು ಕರೆದು ಹೇಳುತ್ತಾಳೆ: “ನಮ್ಮ ಸೊಸಿ ಎರಡು ದಿನದಿಂದ ನನಗ ರೊಟ್ಟಿ ಕೊಟ್ಟಿಲ್ಲ ನೋಡ್ರಿ.” ಕಣ್ಣಲ್ಲಿ ನೀರು. ನಟನೆಯಲ್ಲ, ಅವಳಿಗೆ ನಿಜವಾಗಿ ನೆನಪಿಲ್ಲ. ಆಮೇಲೆ ಬೋರಮಾಳ ಕಳುವಾಗುತ್ತದೆ. ಅವಳೇ ಜ್ವಾಳದ ಚೀಲದಲ್ಲಿ ಬಚ್ಚಿಟ್ಟದ್ದು. ಕದ್ದವಳು ಮತ್ತೆ ಸೊಸೆ.

ಓಣಿ ಏನು ಮಾಡುತ್ತದೆ? ನಂಬುತ್ತದೆ. ಅನಂತನಾಗ್ ಮರೆತಾಗ ಕಾಯಿಲೆ ಎಂದು ಗೊತ್ತಿದ್ದ ಓಣಿ. ಟಿವಿ ಆರಿಸಿದ ಕೂಡಲೇ ಅದಕ್ಕೇ ಮರೆವು.

ಕಳ್ಳತನದ ಅನುಮಾನವನ್ನು ನೆಟ್ಟಗೆ ತೋರಿಸಿದ್ದು ‘ದಿ ಫಾದರ್’. ಆಂಥೊನಿ ಹಾಪ್ಕಿನ್ಸ್ ತನ್ನ ಕೈಗಡಿಯಾರವನ್ನು ತಾನೇ ಅಡಗಿಸಿ ನೋಡಿಕೊಳ್ಳುವವಳ ಮೇಲೆ ಹೊರಿಸುತ್ತಾನೆ. ಮನೆ ಬದಲಾಗುತ್ತದೆ, ಮಗಳ ಮುಖ ಬದಲಾಗುತ್ತದೆ. ನೋಡುವವನಿಗೂ ಯಾವುದು ನಿಜವೆಂದು ತಿಳಿಯುವುದಿಲ್ಲ. ಮಳೆಯಿಲ್ಲ, ಹಂತಕನಿಲ್ಲ, ಗುಣವಾಗುವುದಿಲ್ಲ. 83ನೇ ವಯಸ್ಸಿಗೆ ಆಸ್ಕರ್ ಬಂತು. ನಮ್ಮಲ್ಲಿ ಯಾರಾದರೂ ಇಂಥದ್ದು ಮಾಡಿದರೆ ‘ತುಂಬಾ ಸ್ಲೋ’ ಎಂದು ಇಂಟರ್ವಲ್‌ಗೆ ಎದ್ದುಹೋಗುತ್ತೇವೆ. ನಮ್ಮ ಸೊಸೆಯಂದಿರು ಅದನ್ನು ನೋಡಿಲ್ಲ. ನೋಡುವ ಅಗತ್ಯವೂ ಇಲ್ಲ. ಮನೆಯಲ್ಲಿ ಅದೇ ಓಡುತ್ತಿದೆ, ಇಂಟರ್ವಲ್ ಇಲ್ಲದೆ.

ಒಂದು ಉಪಕಾರವನ್ನು ಒಪ್ಪಬೇಕು. ಮೊದಲು ನೆಂಟರಿಗೆ ಈ ಕಾಯಿಲೆ ತಿಳಿಸಿ ಹೇಳುವುದೇ ಕಷ್ಟವಿತ್ತು. ಅರವತ್ತಕ್ಕೆ ಅರಳು ಮರಳು, ಅದಕ್ಕೇನು ದವಾಖಾನಿ ಎನ್ನುತ್ತಿದ್ದರು. ಈಗ “ಅನಂತನಾಗ್‌ಗ ಆಗಿತ್ತಲ್ರಿ, ಅದ” ಎಂದರೆ ಸಾಕು. ಓಹೋ ಎನ್ನುತ್ತಾರೆ. ಎಂ.ಡಿ. ಮಾಡಿದ ಡಾಕ್ಟರು ಬರೆದ ಚೀಟಿ ಒಪ್ಪಿಸಲಾರದ್ದನ್ನು ಎರಡೂವರೆ ತಾಸಿನ ಸಿನಿಮಾ ಒಪ್ಪಿಸಿತು. ಮರುಕ್ಷಣವೇ ಮುಂದಿನ ಪ್ರಶ್ನೆ: “ಹಂಗಾರ ಕಡೀಕ ಆರಾಮ ಆಗ್ತೈತಲ್ಲ?” ಆಗುವುದಿಲ್ಲ. ಡೊನೆಪೆಝಿಲ್‌ನಂಥ ಗುಳಿಗೆ ಲಕ್ಷಣಗಳನ್ನು ಒಂದಿಷ್ಟು ಕಾಲ, ಒಂದಿಷ್ಟೇ ಹಿಡಿದಿಡುತ್ತದೆ. ಕಾಯಿಲೆ ಮುಂದೆ ನಡೆಯುತ್ತದೆ. ಇದನ್ನು ಹೇಳಿದ ಸೊಸೆ ಅಪಶಕುನ.

ದವಾಖಾನೆ ಎಂದೆನಲ್ಲ. ನಮ್ಮ ಭಾಗದವರಿಗೆ ದೊಡ್ಡ ಬೇನೆ ಎಂದರೆ ಮಿರಜ್. ಇನ್ನೂ ದೊಡ್ಡದಾದರೆ ಧಾರವಾಡ. ತೀರಾ ದೊಡ್ಡದಾದರೆ ಬೆಂಗಳೂರಿನ ನಿಮ್ಹಾನ್ಸ್. ಐನೂರು ಕಿಲೋಮೀಟರಿಗೂ ಹೆಚ್ಚು. ಬಸ್ಸಿನಲ್ಲಿ ಪ್ರತಿ ಹತ್ತು ನಿಮಿಷಕ್ಕೆ ‘ಇಳಸ್ರಿ’ ಎನ್ನುವ ಮುದುಕಿಯನ್ನು ಕೂರಿಸಿಕೊಂಡು ರಾತ್ರಿಯಿಡೀ ಹೋಗಿ ನೋಡಿ.

ಹೋದ ಮೇಲೆ ಪರೀಕ್ಷೆ. ಇವತ್ತು ತಾರೀಖೆಷ್ಟು? ನೂರರಲ್ಲಿ ಏಳು ಕಳೆಯಿರಿ. ಜನ್ಮದಲ್ಲಿ ತಾರೀಖು ನೋಡದವಳು. ಅಮಾಸಿಗೆ ಎಷ್ಟು ದಿನ ಉಳದಾವು ಎಂದು ಕೇಳಿದ್ದರೆ ಒಂದು ಕಾಲಕ್ಕೆ ಡಾಕ್ಟರಿಗೇ ಪಾಠ ಹೇಳುತ್ತಿದ್ದಳು. ಓದು ಬಾರದವರನ್ನೂ ಗಮನದಲ್ಲಿಟ್ಟು ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆ ಸಿದ್ಧಮಾಡಿಸಿದೆ. ಅದು ಕಪಾಟಿನಿಂದ ತಾಲ್ಲೂಕಿಗೆ ಇಳಿಯಬೇಕು, ಅಷ್ಟೇ. 2022ರಲ್ಲಿ ರಾಜ್ಯ ಸರಕಾರ ನಿಮ್ಹಾನ್ಸ್ ಜೊತೆ ಸೇರಿ ಮಿದುಳು ಆರೋಗ್ಯದ ಕಾರ್ಯಕ್ರಮ ಶುರುಮಾಡಿತು. ಮೊದಲ ಪ್ರಯೋಗ ಕೋಲಾರ, ಚಿಕ್ಕಬಳ್ಳಾಪುರದ ಕಡೆ. ಸೂರ್ಯ ಯಾವಾಗಲೂ ಬೆಂಗಳೂರಿನ ಮಗ್ಗುಲಲ್ಲೇ ಹುಟ್ಟುತ್ತಾನೆ.

ಇನ್ನು ನಮ್ಮ ಸಂಸ್ಕೃತಿ. ಇದರ ಬಗ್ಗೆ ಮಾತಾಡುವಾಗ ಎದ್ದು ನಿಲ್ಲಬೇಕು.

ಸಿನಿಮಾದಲ್ಲಿ ಆರೈಕೆ ಕೇಂದ್ರಕ್ಕೆ ಸೇರಿಸುವವನು ಪಾಪಿ, ವಾಪಸ್ ಕರೆತರುವವನು ನಾಯಕ. ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲ ಎಂದು ವೇದಿಕೆಯ ಮೇಲೆ ಗುಡುಗುವವರು ನಮ್ಮೂರಲ್ಲೂ ಇದ್ದಾರೆ. ಸುಳ್ಳು. ನಮ್ಮಲ್ಲಿ ಓಣಿಗೆ ನಾಲ್ಕು ವೃದ್ಧಾಶ್ರಮಗಳಿವೆ. ಒಂದೊಂದಕ್ಕೂ ಒಬ್ಬಳೇ ಸಿಬ್ಬಂದಿ. ಪಾಳಿ ಬದಲಿಲ್ಲ, ರಜೆಯಿಲ್ಲ, ಪಗಾರವಿಲ್ಲ. ನೇಮಕಾತಿ ಅಕ್ಷತೆ ಹಾಕಿ ನಡೆಯುತ್ತದೆ. ಗುಡುಗಿದವರ ತಾಯಿಯೂ ಅಂಥದ್ದೊಂದರಲ್ಲೇ ಇದ್ದಾಳೆ. ಅವರು ಭಾಷಣ ಮುಗಿಸಿ ಹೋಗುವ ಹೊತ್ತಿಗೆ ಉಣಿಸಿ, ತೊಳೆಸಿ, ಮಲಗಿಸಿ ಆಗಿರುತ್ತದೆ.

ಕಾನೂನೂ ಇದೆ. ಹಿರಿಯ ನಾಗರಿಕರ 2007ರ ಕಾಯ್ದೆ. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಎಲ್ಲಾದರೂ ಬಿಟ್ಟುಬಂದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅರ್ಜಿ ಹಿಡಿದುಕೊಂಡು ದೂರ ಹೋಗಬೇಕಿಲ್ಲ, ಜಮಖಂಡಿಯಲ್ಲೇ ಉಪವಿಭಾಗಾಧಿಕಾರಿ ಕಚೇರಿಯಿದೆ. ಒಳ್ಳೆಯ ಕಾಯ್ದೆ. ಬಿಟ್ಟವರಿಗೆ ಶಿಕ್ಷೆ ಬರೆದಿದೆ. ಬಿಡದವಳಿಗೆ ಏನು? ಅವಳಿಗೆ ಶಿಕ್ಷೆ ಆಗಲೇ ನಡೆಯುತ್ತಿದೆ, ಪ್ರತ್ಯೇಕ ಕಲಮು ಬೇಕಾಗಿಲ್ಲ.

ಸರಕಾರ ಮುದುಕರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ದೊಡ್ಡವರ ಡೈಪರಿಗೆ ಅರ್ಧ ತಿಂಗಳೂ ಸಾಲದು. ಅದಕ್ಕಾಗಿ ಕಂಪ್ಯೂಟರಿನ ಮುಂದೆ ಹೆಬ್ಬೆಟ್ಟು ಒತ್ತಬೇಕು. ಜೀವನಪೂರ್ತಿ ನೂಲು ಎಳೆದು ಗೆರೆ ಸವೆದ ಬೆರಳು. ಯಂತ್ರ ಒಪ್ಪುವುದಿಲ್ಲ. ತನ್ನ ಹೆಸರು ತನಗೇ ನೆನಪಿಲ್ಲದವಳಿಗೆ ‘ನೀನು ನೀನೇ ಎಂದು ಸಾಬೀತು ಮಾಡು’ ಎನ್ನುತ್ತದೆ ಸರಕಾರ.

ಆದ್ದರಿಂದ ಗಾಂಧಿನಗರದವರಿಗೆ ನನ್ನದೊಂದು ಕಥೆ, ಬಿಟ್ಟಿ. ಜಾಗ ಜಮಖಂಡಿ. ನಾಯಕಿಗೆ ನಲವತ್ತೈದು, ಸೊಂಟ ನೋವು. ಮೊದಲರ್ಧ ಪೂರ್ತಿ ಒಂದೇ ರಾತ್ರಿ. ಮುದುಕಿ ಹನ್ನೊಂದು ಸಲ ಏಳುತ್ತಾಳೆ, ನಾಯಕಿಯೂ ಏಳುತ್ತಾಳೆ. ಹಾಡಿಲ್ಲ. ಇಂಟರ್ವಲ್‌ಗೆ ಹೆಬ್ಬೆಟ್ಟಿನ ಯಂತ್ರ. ಆಮೇಲೆ ಕಟ್ಟೆಯ ಮೇಲಿನ ರೊಟ್ಟಿಯ ದೂರು, ಓಣಿಯ ತೀರ್ಪು. ಕೊನೆಗೆ ನಾದಿನಿ ಬ್ಯಾಗು ಹಿಡಿದು ಬರುತ್ತಾಳೆ. “ವೈನಿ, ನೀ ಹದಿನೈದು ದಿನ ತವರಮನಿಗೆ ಹೋಗಿ ಬಾ. ಅವ್ವನ ನಾ ನೋಡ್ಕೋತೀನಿ.” ನಾಯಕಿ ಮುಧೋಳದ ಬಸ್ಸು ಹತ್ತುತ್ತಾಳೆ, ಕೂತಲ್ಲೇ ನಿದ್ದೆ ಹೋಗುತ್ತಾಳೆ. ಶುಭಂ.

ನಿರ್ಮಾಪಕರು ಏನೆನ್ನುತ್ತಾರೆಂದು ಈಗಲೇ ಹೇಳಬಲ್ಲೆ. “ಎಲ್ಲಾ ಓಕೆ ಸಾರ್. ಆದ್ರೆ ಆ ನಾದಿನಿ ಬರೋದು ಸ್ವಲ್ಪ ಲಾಜಿಕ್ ಇಲ್ಲ, ಜನ ನಂಬಲ್ಲ. ಅದರ ಬದಲು ಅಜ್ಜಿಗೇ ನೆನಪು ಬರಿಸಿಬಿಡೋಣ.”